ಇಂಗ್ಲಿಷ್ ನಾಲಿಗೆಗೆ ಬಳ್ಳಾರಿ, ಕೊಪ್ಪಳ, ರಾಯಚೂರು: ಊರ ಹೆಸರು ಹೇಳಿಕೊಡುವ ಕ್ರಮ

ಆನೆಗೊಂದಿ, ಸಾಣಾಪುರದ ಕಡೆ ಹೋಮ್‌ಸ್ಟೇ ನಡೆಸುವವರು, ಹಂಪಿಯ ಗೈಡ್‌ಗಳು, ತೋರಣಗಲ್ಲಿನಲ್ಲಿ ಹೊರದೇಶದ ಎಂಜಿನಿಯರ್‌ಗಳ ಜೊತೆ ಕೆಲಸ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: “ಬಂದವರು ಊರ ಹೆಸರು ಏನೇನೋ ಅಂತಾರ್ರೀ, ಆಟೋದವರಿಗೆ ತಿಳಿಯಂಗಿಲ್ಲ. ಹೆಂಗ ಹೇಳಿಕೊಡೋದು?”

ಬಹಳ ಮಂದಿ ಮೊದಲು ಹಿಡಿಯುವುದು ‘ಳ’ಕಾರವನ್ನು. ಅತಿಥಿಯ ಬಾಯಲ್ಲಿ ‘ಳ’ ಬರುವುದಿಲ್ಲ, ಅರ್ಧ ಗಂಟೆ ನಗುವಿನಲ್ಲಿ ಕಳೆಯುತ್ತದೆ, ಮರುದಿನ ಅವರು ಆಟೋ ಹತ್ತಿ ಮತ್ತೆ ‘ಬೆಲರಿ’ ಎನ್ನುತ್ತಾರೆ. ‘ಳ’ ಬದಲು ‘ಲ’ ಹೇಳಿದ್ದಕ್ಕೆ ಬಳ್ಳಾರಿಯ ಬಸ್ಸು ತಪ್ಪಿಸಿಕೊಂಡವರಿಲ್ಲ. ಕೇಳುವವರಿಗೆ ಹೆಸರು ಗುರುತು ಸಿಗದಂತೆ ಮಾಡುವುದು ಸ್ವರ ಮತ್ತು ಕಾಲಮಾನ: ಹ್ರಸ್ವ ಎಲ್ಲಿ, ದೀರ್ಘ ಎಲ್ಲಿ, ಒತ್ತಕ್ಷರ ಎಲ್ಲಿ ಎಂಬುದು. ಆದ್ದರಿಂದ ಇಲ್ಲಿನ ಹಂತಗಳು ಅದೇ ಕ್ರಮದಲ್ಲಿವೆ. ‘ಳ’ ಬರುವುದು ಏಳನೆಯದಾಗಿ.

ಈ ಕ್ರಮ ಇಂಗ್ಲಿಷ್ ಮಾತೃಭಾಷೆಯವರಿಗೆ, ಅಂದರೆ ಬ್ರಿಟನ್, ಐರ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ ಕಡೆಯವರಿಗೆ. ಫ್ರೆಂಚರ, ರಷ್ಯನ್ನರ, ಇಸ್ರೇಲಿನವರ ನಾಲಿಗೆಯ ಅಭ್ಯಾಸಗಳೇ ಬೇರೆ. ಅವರಿಗೆ ಇದು ಅರ್ಧಮರ್ಧ ಮಾತ್ರ ಹೊಂದುತ್ತದೆ.

ಬೇಕಾಗುವುದು

ಒಂದು ಬಿಳಿ ಹಾಳೆ, ದಪ್ಪ ಪೆನ್ನು, ರೆಕಾರ್ಡರ್ ಇರುವ ಫೋನು, ಅಂಗೈಯಗಲದ ಕನ್ನಡಿ. ಒಂದು ಹೆಸರಿಗೆ ಐದು ನಿಮಿಷ ಸಾಕು. ಒಮ್ಮೆ ಕೂತರೆ ಮೂರು ಹೆಸರಿಗಿಂತ ಹೆಚ್ಚು ಬೇಡ. ನಾಲ್ಕನೆಯದು ಬರುವಷ್ಟರಲ್ಲಿ ಮೊದಲನೆಯದು ಹಾರಿಹೋಗಿರುತ್ತದೆ.

ಹಂತ 1: ಯಾವ ಹೆಸರು ಬೇಕೆಂದು ಆರಿಸಿ

ಎರಡು ದಿನ ಇರುವವರಿಗೆ ಉಳಿದುಕೊಂಡ ಊರು, ರೈಲು ಹತ್ತುವ ಊರು, ನೋಡಲು ಹೋಗುವ ಒಂದು ಜಾಗ, ಇಷ್ಟು ಸಾಕು. ಸಾಣಾಪುರದಲ್ಲಿ ಇಳಿದವರಿಗೆ ಸಾಣಾಪುರ, ಹೊಸಪೇಟೆ, ಅಂಜನಾದ್ರಿ. ಶಾಸನ, ಶಿಲ್ಪ ನೋಡಲು ಬಂದವರಿಗೆ ಮಸ್ಕಿ, ಇಟಗಿ, ಕೊಪ್ಪಳದ ಗವಿಮಠ. ಆರು ತಿಂಗಳು ಕೆಲಸಕ್ಕೆ ಬಂದವರಿಗೆ ಮಾತ್ರ ತಾಲ್ಲೂಕುಗಳ ಪಟ್ಟಿ.

ಹಂತ 2: ಮೊದಲು ನಿಮ್ಮ ಬಾಯಿ ಸರಿಮಾಡಿಕೊಳ್ಳಿ

ಇಂಗ್ಲಿಷಿನಲ್ಲಿ ಮಾತಾಡಲು ಶುರುಮಾಡಿದ ಕೂಡಲೇ ನಮ್ಮ ಬಾಯಲ್ಲೇ ಊರ ಹೆಸರು ಬದಲಾಗುತ್ತದೆ. ಮನೆಯಲ್ಲಿ ‘ಬಳ್ಳಾರಿ’ ಎನ್ನುವವರು ಅತಿಥಿಯ ಮುಂದೆ ‘ಬೆಲ್ಲಾರಿ’ ಎನ್ನುತ್ತಾರೆ, ‘ಹೊಸಪೇಟೆ’ ಹೋಗಿ ‘ಹಾಸ್ಪೆಟ್’ ಆಗುತ್ತದೆ. ಅತಿಥಿ ಕಲಿಯುವುದು ಅದನ್ನೇ. ಹಾಗಾಗಿ ಇಂಗ್ಲಿಷ್ ವಾಕ್ಯದ ನಡುವೆಯೂ ಊರ ಹೆಸರನ್ನು ಕನ್ನಡದ ಹಾಗೆಯೇ ಹೇಳುವ ಅಭ್ಯಾಸ ಬೇಕು. ಫೋನಿನಲ್ಲಿ ಒಂದು ಇಂಗ್ಲಿಷ್ ವಾಕ್ಯ ರೆಕಾರ್ಡ್ ಮಾಡಿ ಕೇಳಿನೋಡಿ, ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ತಪ್ಪು ನಿಧಾನ ಮಾಡುವಾಗ ಆಗುವಂಥದ್ದು. ತಿಳಿಯಲೆಂದು ‘ಬಳ್… ಳಾ… ರೀ…’ ಎಂದು ಎಳೆದರೆ ಕೊನೆಯ ಹ್ರಸ್ವ ದೀರ್ಘವಾಗುತ್ತದೆ. ಕೇಳಿದವರು ‘ರೀ’ ಎಂದೇ ಕಲಿತು, ಮುಂದೆ ಬಲವನ್ನೆಲ್ಲ ಅಲ್ಲಿಗೆ ಹಾಕುತ್ತಾರೆ. ನಿಧಾನ ಮಾಡಬೇಕಿದ್ದರೆ ಹೆಸರುಗಳ ನಡುವೆ ಬಿಡುವು ಕೊಡಿ, ಹೆಸರಿನ ಒಳಗೆ ಬೇಡ. ದನಿ ಏರಿಸಿ ಹೇಳುವುದರಿಂದಲೂ ಉಪಯೋಗವಿಲ್ಲ, ಅವರು ಕಿವುಡರಲ್ಲ.

ಹಂತ 3: ಬೋರ್ಡು ತೋರಿಸುವ ಮುಂಚೆ ಕೇಳಿಸಿ

ಇಂಗ್ಲಿಷ್ ಓದುವವರಿಗೆ ಬರಹ ಕಂಡ ಕೂಡಲೇ ಕಿವಿ ಹಿಂದೆ ಸರಿಯುತ್ತದೆ. ಆದ್ದರಿಂದ ನಕಾಶೆ, ಟಿಕೆಟ್, ವಿಸಿಟಿಂಗ್ ಕಾರ್ಡ್ ಎಲ್ಲ ಪಕ್ಕಕ್ಕಿಡಿ. ಮಾಮೂಲಿ ವೇಗದಲ್ಲಿ ಹೆಸರನ್ನು ಮೂರು ಸಲ ಹೇಳಿ, ಅವರಿಂದ ಹೇಳಿಸಬೇಡಿ, ಸುಮ್ಮನೆ ಕೇಳಿಸಿಕೊಳ್ಳಲಿ. ನಾಲ್ಕನೆಯ ಸಲ ನಿಮ್ಮ ಜೊತೆಯಲ್ಲೇ ಹೇಳಲಿ, ಐದನೆಯ ಸಲ ಅವರೊಬ್ಬರೇ. ಆ ಐದನೆಯದನ್ನು ರೆಕಾರ್ಡ್ ಮಾಡಿ, ಅದರ ಬೆನ್ನಿಗೇ ನಿಮ್ಮ ದನಿಯನ್ನೂ ಸೇರಿಸಿ ಅವರಿಗೆ ಕೇಳಿಸಿ. ತಮ್ಮ ತಪ್ಪು ಹೆಚ್ಚಿನವರಿಗೆ ಆಗಲೇ ತಿಳಿಯುತ್ತದೆ, ನೀವು ವಿವರಿಸಬೇಕಾಗಿಲ್ಲ.

ನೀವಿಲ್ಲದಾಗ ಅಭ್ಯಾಸ ಮಾಡಬೇಕೆಂದರೆ ಗೂಗಲ್ ಟ್ರಾನ್ಸ್‌ಲೇಟ್ ಸಾಕಾಗುತ್ತದೆ, ಆದರೆ ಹೆಸರನ್ನು ಕನ್ನಡ ಲಿಪಿಯಲ್ಲೇ ಹಾಕಿ, ಭಾಷೆ ಕನ್ನಡ ಎಂದು ಆರಿಸಿ, ಸ್ಪೀಕರ್ ಗುರುತು ಒತ್ತಬೇಕು. ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ಇಂಗ್ಲಿಷ್ ದನಿ ಓದುತ್ತದೆ, ಅದು ಅತಿಥಿಗಿಂತ ಕೆಟ್ಟದಾಗಿ ಓದುತ್ತದೆ. ಕನ್ನಡದಲ್ಲಿ ಬರೆದ ಹೆಸರುಗಳನ್ನು ಅವರ ಫೋನಿಗೆ ಕಳಿಸಿಕೊಟ್ಟರೆ ಅಲ್ಲಿಂದ ನಕಲು ಮಾಡಿಕೊಳ್ಳುತ್ತಾರೆ.

ಹಂತ 4: ಮಾತ್ರೆ ತಟ್ಟಿಸಿ

ಇಂಗ್ಲಿಷ್ ಮಾತಿನಲ್ಲಿ ಒಂದು ಪದದ ಒಂದು ಅಕ್ಷರಕ್ಕೆ ಬಲ ಬೀಳುತ್ತದೆ, ಉಳಿದವು ಸೊರಗುತ್ತವೆ. ಸೊರಗಿದ ಸ್ವರ ಯಾವುದಿದ್ದರೂ ಒಂದೇ ಥರ ಮಂಕಾದ ‘ಅ’ ಆಗಿಬಿಡುತ್ತದೆ. ಗಂಗಾವತಿಯಲ್ಲಿ ‘ವಾ’ ಮಾತ್ರ ಉಬ್ಬಿ, ‘ಗಂಗಾ’ ಅನ್ನುವುದು ‘ಗಂಗ’ ಎಂಬ ಗೊಣಗಾಟವಾಗುವುದು ಇದರಿಂದಲೇ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲಿನ ಕಾಲ ಸಿಗಬೇಕು.

ಇದನ್ನು ತೋರಿಸಿಕೊಡಲು ನಮ್ಮಲ್ಲಿ ಸಿದ್ಧ ಸಲಕರಣೆಯಿದೆ: ಶಾಲೆಯಲ್ಲಿ ಕಲಿತ ಲಘು-ಗುರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ ಗುರು, ಅನುಸ್ವಾರವಿದ್ದರೆ ಗುರು, ಒತ್ತಕ್ಷರದ ಹಿಂದಿನ ಅಕ್ಷರ ಗುರು. ಅತಿಥಿಗೆ ಈ ಹೆಸರುಗಳೇನೂ ಬೇಡ. ಮೇಜಿನ ಮೇಲೆ ಬೆರಳಿಂದ ತಟ್ಟಿ: ಲಘುವಿಗೆ ತಟ್ಟಿ ಎತ್ತುವುದು, ಗುರುವಿಗೆ ತಟ್ಟಿ ಅಲ್ಲೇ ಒತ್ತಿಹಿಡಿಯುವುದು. ಹಾಳೆಯ ಮೇಲೆ ಲಘುವಿಗೆ ಚುಕ್ಕೆ, ಗುರುವಿಗೆ ಗೆರೆ ಹಾಕಿ.

ಹಂಪಿ: ಗೆರೆ, ಚುಕ್ಕೆ. 3 ಮಾತ್ರೆ.
ಕೊಪ್ಪಳ: ಗೆರೆ, ಚುಕ್ಕೆ, ಚುಕ್ಕೆ. 4 ಮಾತ್ರೆ.
ಕುಷ್ಟಗಿ: ಗೆರೆ, ಚುಕ್ಕೆ, ಚುಕ್ಕೆ. 4 ಮಾತ್ರೆ.
ಬಳ್ಳಾರಿ: ಗೆರೆ, ಗೆರೆ, ಚುಕ್ಕೆ. 5 ಮಾತ್ರೆ.
ಸಂಡೂರು: ಗೆರೆ, ಗೆರೆ, ಚುಕ್ಕೆ. 5 ಮಾತ್ರೆ.
ಹೊಸಪೇಟೆ: ಚುಕ್ಕೆ, ಚುಕ್ಕೆ, ಗೆರೆ, ಚುಕ್ಕೆ. 5 ಮಾತ್ರೆ.
ಗಂಗಾವತಿ: ಗೆರೆ, ಗೆರೆ, ಚುಕ್ಕೆ, ಚುಕ್ಕೆ. 6 ಮಾತ್ರೆ.
ರಾಯಚೂರು: ಗೆರೆ, ಚುಕ್ಕೆ, ಗೆರೆ, ಚುಕ್ಕೆ. 6 ಮಾತ್ರೆ.
ಆನೆಗೊಂದಿ: ಗೆರೆ, ಚುಕ್ಕೆ, ಗೆರೆ, ಚುಕ್ಕೆ. 6 ಮಾತ್ರೆ.
ತುಂಗಭದ್ರಾ: ಗೆರೆ, ಚುಕ್ಕೆ, ಗೆರೆ, ಗೆರೆ. 7 ಮಾತ್ರೆ.

ಬಳ್ಳಾರಿ ಮತ್ತು ಸಂಡೂರಿಗೆ ಒಂದೇ ತಾಳ, ರಾಯಚೂರು ಮತ್ತು ಆನೆಗೊಂದಿಗೆ ಒಂದೇ ತಾಳ. ಒಂದು ಬಂದರೆ ಇನ್ನೊಂದು ಸುಲಭ, ಆದ್ದರಿಂದ ಜೋಡಿಯಾಗಿಯೇ ಕಲಿಸಿ. ಮೊದಲು ಹೆಸರಿಲ್ಲದೆ ಬರೀ ‘ತಾ-ತಾ-ತ’ ಎಂದು ತಟ್ಟಿಸಿ, ಆಮೇಲೆ ಅದರ ಮೇಲೆ ಹೆಸರು ಕೂರಿಸಿ. ಇಡೀ ಕ್ರಮದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು. ಅವಸರವಿದ್ದರೆ ಉಳಿದದ್ದನ್ನು ಬಿಟ್ಟು ಇದಿಷ್ಟನ್ನೇ ಮಾಡಿಸಿದರೂ ಆಟೋದವರಿಗೆ ಅರ್ಥವಾಗುವಷ್ಟು ಬರುತ್ತದೆ.

ಹಂತ 5: ಈಗ ಬರಹ ತೋರಿಸಿ, ಬಲೆಗಳನ್ನು ಹೇಳಿ

ಬೋರ್ಡು ಎಲ್ಲ ಕಡೆ ಇರುತ್ತದೆ, ಎಷ್ಟು ದಿನ ಮುಚ್ಚಿಡುತ್ತೀರಿ? ಕಿವಿಗೆ ಬಿದ್ದ ಮೇಲೆ ಬರಹ ತೋರಿಸಿ, ಎಲ್ಲಿ ಎಡವುತ್ತಾರೆಂದು ಮೊದಲೇ ಗುರುತು ಹಾಕಿಕೊಡಿ.

ಎಲ್ಲಕ್ಕಿಂತ ದೊಡ್ಡ ಬಲೆ ಊರ ಹೆಸರಿನೊಳಗೆ ಕಾಣುವ ಇಂಗ್ಲಿಷ್ ಪದ. ಹಂಪಿಯಲ್ಲಿ ಅವರಿಗೆ ‘ಹ್ಯಾಮ್’ ಕಾಣುತ್ತದೆ, ಸಂಡೂರಿನಲ್ಲಿ ‘ಸ್ಯಾಂಡ್’, ಮಸ್ಕಿಯಲ್ಲಿ ‘ಮಾಸ್ಕ್’, ಮಾನ್ವಿಯಲ್ಲಿ ‘ಮ್ಯಾನ್’, ಹಟ್ಟಿಯಲ್ಲಿ ‘ಹ್ಯಾಟ್’, ಕಂಪ್ಲಿಯಲ್ಲಿ ‘ಕ್ಯಾಂಪ್’, ಗಂಗಾವತಿಯಲ್ಲಿ ‘ಗ್ಯಾಂಗ್’. ಲಿಂಗಸುಗೂರಿನ ಕೊನೆ ‘ಶುಗರ್’ ಆಗುತ್ತದೆ, ಯಲಬುರ್ಗಾದಲ್ಲಿ ‘ಬರ್ಗರ್’ ಇಣುಕುತ್ತದೆ. ಈ ಪದಗಳನ್ನು ಪೆನ್ನಿನಿಂದ ಹೊಡೆದುಹಾಕಿ ತೋರಿಸಿ, ನಗುತ್ತಾರೆ, ನೆನಪಿಟ್ಟುಕೊಳ್ಳುತ್ತಾರೆ.

ಇವುಗಳಲ್ಲಿ ಹೆಚ್ಚಿನವಕ್ಕೆ ಮದ್ದು ಒಂದೇ, ನಮ್ಮ ಹ್ರಸ್ವ ‘ಅ’. ಇಂಗ್ಲಿಷಿನ ‘ಕಪ್’, ‘ಹಮ್’, ‘ಸನ್’ ಪದಗಳ ಸ್ವರ ಅದಕ್ಕೆ ತೀರ ಹತ್ತಿರ. ಹಂಪಿಗೆ ಒಂಟೆಯ ಬೆನ್ನಿನ ‘ಹಂಪ್’ ಹೇಳಿ ‘ಇ’ ಸೇರಿಸಲಿ, ಮುಗಿಯಿತು. ಆದರೆ ಇಲ್ಲೊಂದು ಎಚ್ಚರಿಕೆ: ಮ್ಯಾಂಚೆಸ್ಟರ್, ಲೀಡ್ಸ್ ಮುಂತಾದ ಉತ್ತರ ಇಂಗ್ಲೆಂಡಿನ ಕಡೆಯವರಲ್ಲಿ ಅನೇಕರು ಇವೇ ಪದಗಳನ್ನು ‘ಕುಪ್’, ‘ಸುನ್’ ಎಂಬ ಹಾಗೆ ಹೇಳುತ್ತಾರೆ. ಅವರಿಗೆ ‘ಹಂಪ್’ ಉಪಾಯ ಹೇಳಿದರೆ ಊರು ‘ಹುಂಪಿ’ ಆಗುತ್ತದೆ. ಅಂಥವರಿಗೆ ‘ಅಬೌಟ್’ ಪದದ ಮೊದಲ ಸ್ವರವನ್ನು ತೋರಿಸಿ.

ಬಳ್ಳಾರಿಯ ಮೊದಲಕ್ಷರವನ್ನು ಇಂಗ್ಲಿಷಿನಲ್ಲಿ ಬರೆದುಕೊಡುವಾಗ ‘ಬಿ-ಯು-ಎಲ್-ಎಲ್’ ಎಂದು ಬರೆಯಬೇಡಿ. ಅದು ಅವರಿಗೆ ಹೋರಿಯ ‘ಬುಲ್’. ‘ಡಲ್’ ಪದಕ್ಕೆ ಪ್ರಾಸವಾಗುವ ಹಾಗೆ ಹೇಳಿ ಎನ್ನಿ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಬರಹ ಅಧಿಕೃತವಾಗಿ ಬದಲಾದಾಗ ಬಳ್ಳಾರಿ, ಹೊಸಪೇಟೆ ಎರಡೂ ಅದರಲ್ಲಿದ್ದವು. ಹಳೆಯ ಬರಹ ‘ಬೆಲರಿ’ಗೆ ದಾರಿ ಮಾಡುತ್ತಿತ್ತು, ಹೊಸದು ಚೆಂಡಿನ ‘ಬಾಲ್’ ಕಡೆಗೆ ಎಳೆಯುತ್ತದೆ. ಹೊಸಪೇಟೆಯದಂತೂ ಇನ್ನೂ ತಮಾಷೆ: ಹಳೆಯ ಮೊಟಕು ಬರಹಕ್ಕಿಂತ ಹೊಸದು ಕನ್ನಡಕ್ಕೆ ಹತ್ತಿರ, ಆದರೆ ಅದರ ಕೊನೆಯ ನಾಲ್ಕು ಅಕ್ಷರ ಇಂಗ್ಲಿಷಿನವರಿಗೆ ‘ಪೀಟ್’ ಎಂಬ ಗಂಡಸಿನ ಹೆಸರು, ಮೊದಲಿನವು ನೀರಿನ ಪೈಪಿನ ‘ಹೋಸ್’. ಹೀಗಾಗಿ ‘ಹೋಸಪೀಟ್’. ಸರಿಯಾದ ಬರಹವೆಂದರೆ ಸರಿಯಾಗಿ ಓದಿಸುವ ಬರಹ ಎಂದೇನೂ ಇಲ್ಲ.

ಪದದ ಕೊನೆಯ ‘ಎ’ ಅವರಿಗೆ ಕಷ್ಟ. ‘ಪೆಟ್’, ‘ಬೆಡ್’ ಪದಗಳ ಒಳಗೆ ಬರುವ ಆ ಹ್ರಸ್ವ ಸ್ವರ ಇಂಗ್ಲಿಷಿನಲ್ಲಿ ಪದದ ಕೊನೆಗೆ ಬರುವುದೇ ಇಲ್ಲ. ‘ಟೆನ್’ ಎಂದು ಶುರುಮಾಡಿ ‘ನ್’ ಬರುವ ಮುಂಚೆ ನಿಲ್ಲಿಸಿ ಎಂದರೆ ‘ಟೆ’ ಸಿಗುತ್ತದೆ. ಆದರೂ ಬಾರದೆ ‘ಹೊಸಪೇಟಿ’ ಎಂದರೆ ಬಿಡಿ, ನಮ್ಮ ಕಡೆ ಎಷ್ಟೋ ಜನ ಹಾಗೇ ಅನ್ನುವುದು.

ಮುಂದಿನ ಬಲೆ ‘ಟಿ’ ಜೊತೆಗೆ ‘ಎಚ್’. ದಕ್ಷಿಣದ ನಾವು ‘ಟ’ಕ್ಕೆ ‘ಟಿ’ ಬರೆದು, ‘ತ’ಕ್ಕೆ ‘ಎಚ್’ ಸೇರಿಸುತ್ತೇವೆ. ಇಂಗ್ಲಿಷ್ ಓದುವವರಿಗೆ ಆ ಜೋಡಿಯೆಂದರೆ ‘ಥಿಂಕ್’ ಪದದ, ನಾಲಿಗೆ ಹಲ್ಲಿನ ನಡುವೆ ತೂರಿ ಗಾಳಿ ಬಿಡುವ ಸದ್ದು. ಗಂಗಾವತಿಯಲ್ಲಿ ಆ ಗಾಳಿ ಕೇಳುತ್ತದೆ. ಗವಿಮಠದಲ್ಲಂತೂ ಗಣಿತದ ‘ಮ್ಯಾಥ್’ ಇಡಿಯಾಗಿ ಬಂದು ಕೂರುತ್ತದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಎರಡೂ ಕಡೆ ಅಶೋಕನ ಶಾಸನಗಳಿರುವುದರಿಂದ ಇತಿಹಾಸದ ಆಸಕ್ತಿಯಿಂದ ಬರುವವರು ಈ ಹೆಸರನ್ನು ಹೇಳಲೇಬೇಕಾಗುತ್ತದೆ. ಹಾಳೆಯಲ್ಲಿ ‘ಎಚ್’ ಹೊಡೆದುಹಾಕಿ ಕೊಡಿ, ಅರ್ಧ ಕೆಲಸ ಆಯಿತು.

‘ಜಿ’ ಅಕ್ಷರದ ಮುಂದೆ ‘ಐ’ ಬಂದರೆ ಅವರು ಅನೇಕ ಸಲ ‘ಜ’ ಎಂದು ಓದುತ್ತಾರೆ: ಕುಷ್ಟಜಿ, ಇಟಾಜಿ, ಕಾರಟಜಿ. 1112ರ ಮಹಾದೇವ ದೇವಾಲಯ ನೋಡಲು ಇಟಗಿಗೆ ಹೊರಟವರು ‘ಐಟಾಜಿ’ ಎಂದು ದಾರಿ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ‘ಗಿಫ್ಟ್’ ಪದದ ‘ಗಿ’ ಎನ್ನಿ.

‘ಯು’ ಅಕ್ಷರವನ್ನು ‘ಕಪ್’ನ ಹಾಗೆ ಓದುವುದೂ ಸಾಮಾನ್ಯ, ತುಂಗಭದ್ರಾ ಆಗ ನಾಲಿಗೆಯ ‘ಟಂಗ್’ ಆಗುತ್ತದೆ, ಮುದಗಲ್ಲು ‘ಮಡ್’ ಆಗುತ್ತದೆ. ಹ್ರಸ್ವ ‘ಉ’ಗೆ ‘ಪುಟ್’, ದೀರ್ಘ ‘ಊ’ಗೆ ‘ಮೂನ್’ ಎಂದು ಮಾದರಿ ಕೊಡಿ. ರಾಯಚೂರನ್ನು ‘ರೇಚರ್’ ಎನ್ನುವವರಿಗೆ ಧಾನ್ಯದ ‘ರೈ’, ಅಗಿಯುವ ‘ಚ್ಯೂ’ ಎರಡನ್ನೂ ಹೇಳಿ, ಕೊನೆಗೊಂದು ಚಿಕ್ಕ ‘ರು’ ಸೇರಿಸಿದರೆ ಸಾಕು. ಆ ‘ರು’ ಬಿಟ್ಟರೂ ನಡೆಯುತ್ತದೆ.

ಕೊಪ್ಪಳದ ‘ಕೊ’ ಬಗ್ಗೆ ಒಂದು ಮಾತು. ಬ್ರಿಟಿಷರ ‘ಪಾಟ್’ ಪದದಲ್ಲಿ ತುಟಿ ದುಂಡಾಗುತ್ತದೆ, ಅದು ನಮ್ಮ ‘ಒ’ಗೆ ಹತ್ತಿರ. ಅಮೆರಿಕದವರ ‘ಪಾಟ್’ನಲ್ಲಿ ತುಟಿ ದುಂಡಾಗುವುದಿಲ್ಲ, ‘ಕಾಪ್ಪಲ್’ ಬರುತ್ತದೆ. ಅವರಿಗೆ ‘ಗೋ’ ಎನ್ನಲು ಶುರುಮಾಡಿ ಅರ್ಧದಲ್ಲೇ ಕತ್ತರಿಸಿ ಎನ್ನಿ.

ಹಂತ 6: ಒತ್ತಕ್ಷರ ಹಿಡಿಸಿ

ಇಂಗ್ಲಿಷ್ ಬರಹದಲ್ಲಿ ಜೋಡಿ ಅಕ್ಷರ ಇರುತ್ತದೆ, ಬಾಯಲ್ಲಿ ಇರುವುದಿಲ್ಲ. ‘ಹ್ಯಾಪಿ’ ಪದದಲ್ಲಿ ಎರಡು ‘ಪಿ’ ಬರೆದರೂ ಕೇಳಿಸುವುದು ಒಂದೇ. ಅದಕ್ಕೇ ಕೊಪ್ಪಳ ‘ಕೊಪಲ’ ಆಗುತ್ತದೆ, ಸಿರುಗುಪ್ಪ ‘ಸಿರುಗುಪ’ ಆಗುತ್ತದೆ. “ಎರಡು ಸಲ ಹೇಳಿ” ಎಂದರೆ ‘ಕೊಪ್-ಅ-ಪಲ್’ ಎಂದು ನಡುವೆ ಸ್ವರ ಸೇರಿಸಿಬಿಡುತ್ತಾರೆ.

ಆದರೆ ಎರಡು ಪದ ಕೂಡುವಲ್ಲಿ ಅವರ ಬಾಯಲ್ಲೂ ಒತ್ತು ಸಹಜವಾಗಿ ಬರುತ್ತದೆ. ಅದನ್ನೇ ಹಿಡಿಯಿರಿ. ‘ಪ್ಪ’ಗೆ ‘ಲ್ಯಾಂಪ್ ಪೋಸ್ಟ್’, ‘ಕ್ಕ’ಗೆ ‘ಬ್ಲ್ಯಾಕ್ ಕ್ಯಾಟ್’, ‘ಗ್ಗ’ಗೆ ‘ಬಿಗ್ ಗೇಮ್’, ‘ನ್ನ’ಗೆ ‘ಟೆನ್ ನೈಟ್ಸ್’, ‘ಲ್ಲ’ಗೆ ‘ಫುಲ್ ಲೆಂಗ್ತ್’. ಪದಗಳ ನಡುವೆ ನಿಲ್ಲದೆ ಒಂದೇ ಉಸಿರಿಗೆ ಹೇಳಿಸಿ, “ತುಟಿ ಎಷ್ಟು ಹೊತ್ತು ಮುಚ್ಚಿತ್ತು ನೋಡಿ” ಎಂದು ಗಮನ ಅಲ್ಲಿಗೆ ತನ್ನಿ. ಹಟ್ಟಿಗೆ ಹುಡುಕಬೇಕಾಗಿಯೇ ಇಲ್ಲ: ಗುಡಿಸಲಿನ ‘ಹಟ್’, ಕುಡಿಯುವ ‘ಟೀ’, ಎರಡನ್ನೂ ಅಂಟಿಸಿ ಕೊನೆಯನ್ನು ಚಿಕ್ಕದು ಮಾಡಿದರೆ ಚಿನ್ನದ ಗಣಿಯ ಊರು ಬಂತು. ಕಿನ್ನಾಳದ ಬೊಂಬೆ ಕೊಳ್ಳಲು ಹೋಗುವವರಿಗೆ ‘ಟೆನ್ ನೈಟ್ಸ್’ ಉಪಾಯ ಬೇಕಾಗುತ್ತದೆ. ಅಲ್ಲಿ ಇಂಗ್ಲಿಷ್ ಬರಹವೊಂದರಲ್ಲಿ ನಡುವೆ ‘ಎಚ್’ ಇರುವುದರಿಂದ ‘ಕಿನ್-ಹಾಲ್’ ಎಂದು ಓದುವವರೇ ಹೆಚ್ಚು.

ಅನುಸ್ವಾರದ ಬಗ್ಗೆಯೂ ಇಲ್ಲೇ ಹೇಳಿಬಿಡಿ. ಇಂಗ್ಲಿಷಿನ ‘ಸಿಂಗರ್’ ಪದದಲ್ಲಿ ಹೆಚ್ಚಿನವರು ‘ಗ’ ಉಚ್ಚರಿಸುವುದಿಲ್ಲ, ‘ಫಿಂಗರ್’ ಪದದಲ್ಲಿ ಉಚ್ಚರಿಸುತ್ತಾರೆ. ಗಂಗಾವತಿ, ತುಂಗಭದ್ರಾ, ಲಿಂಗಸುಗೂರು ಮೂರಕ್ಕೂ ‘ಫಿಂಗರ್’ನ ಮಾದರಿ.

ಹಂತ 7: ನಾಲಿಗೆ ಮಡಚುವ ಅಕ್ಷರಗಳು

ಇದು ಆಸಕ್ತಿ ಇದ್ದವರಿಗೆ ಮಾತ್ರ. ಒತ್ತಾಯ ಮಾಡಬೇಡಿ.

‘ಳ’ ಹೀಗೆ: ಮೊದಲು ‘ಲ್ಲ್ಲ್’ ಎಂದು ಎಳೆದು ಹಿಡಿಯಲಿ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಿನ ಉಬ್ಬಿಗೆ ತಾಗಿರುತ್ತದೆ. ದನಿ ನಿಲ್ಲಿಸದೆ ತುದಿಯನ್ನು ಅಂಗುಳಿನ ಮೇಲೆ ಹಿಂದಕ್ಕೆ ಸರಿಸುತ್ತ ಹೋಗಲಿ. ಉಬ್ಬು ಮುಗಿದು ಗುಮ್ಮಟದ ಹಾಗೆ ಮೇಲೇರುವ ಜಾಗ ಬರುತ್ತದೆ; ಅಲ್ಲಿ ತುದಿಯನ್ನು ಮೇಲಕ್ಕೆ ಮಡಚಿ ತಾಗಿಸಿ ನಿಲ್ಲಿಸಲಿ. ಸದ್ದು ಅಲ್ಲಿಗೆ ದಪ್ಪವಾಗುತ್ತದೆ. ಈಗ ನಾಲಿಗೆಯನ್ನು ಮುಂದಕ್ಕೆ ಚಿಮ್ಮಿ ‘ಆ’ ಎನ್ನಲಿ. ಬಾಯಿ ಅಗಲ ತೆರೆದು ಕನ್ನಡಿ ನೋಡಿಕೊಂಡರೆ ನಾಲಿಗೆಯ ಅಡಿಭಾಗ ಕಾಣಬೇಕು. ಕಾಣದಿದ್ದರೆ ಅದಿನ್ನೂ ‘ಲ’.

ಅಮೆರಿಕ, ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯವರಿಗೆ ಅಡ್ಡದಾರಿಯೊಂದಿದೆ. ಅವರು ‘ಗರ್ಲ್’, ‘ಕಾರ್ಲ್’ ಪದಗಳಲ್ಲಿ ‘ರ್’ ಹೇಳುತ್ತಾರೆ, ಅನೇಕರ ನಾಲಿಗೆ ಅಲ್ಲಿ ಆಗಲೇ ಹಿಂದಕ್ಕೆ ಸರಿದಿರುತ್ತದೆ. ‘ಗರ್ಲ್’ ಎಂದು ನಿಧಾನ ಹೇಳಿ ಕೊನೆಯಲ್ಲಿ ನಿಂತರೆ ‘ಳ್’ ಹತ್ತಿರ ಬರುತ್ತದೆ. ‘ಬಾರ್ನ್’ ಪದದ ಕೊನೆ ‘ಣ’ಗೆ, ‘ಪಾರ್ಟಿ’ ಪದದ ನಡು ‘ಟ’ಗೆ ಹೀಗೇ ಸಹಾಯ ಮಾಡುತ್ತವೆ. ಲಂಡನ್ ಕಡೆಯವರಿಗೆ, ಆಸ್ಟ್ರೇಲಿಯಾದವರಿಗೆ ಈ ಉಪಾಯ ನಡೆಯದು: ಅವರು ಆ ‘ರ್’ ನುಂಗುತ್ತಾರೆ.

ಅಡ್ಡದಾರಿಯ ಅಪಾಯವೆಂದರೆ ‘ರ್’ ಉಳಿದುಕೊಂಡುಬಿಡುವುದು: ‘ಬರ್ಲಾರಿ’, ‘ಕೊಪ್ಪರ್ಲ’. ನಾಲಿಗೆಯನ್ನು ಅಂಗುಳಿಗೆ ತಾಗಿಸಿಟ್ಟುಕೊಂಡು ಆಮೇಲೆ ದನಿ ಹೊರಡಿಸಲು ಹೇಳಿದರೆ ‘ರ್’ ಬಿಟ್ಟುಹೋಗುತ್ತದೆ.

ಬಳ್ಳಾರಿಯಲ್ಲಿ ‘ಳ್ಳ’ ಹೆಚ್ಚು ಹೊತ್ತು ಹಿಡಿಯಲು ಸಿಗುವುದರಿಂದ ಅದು ಸುಲಭ. ಕೊಪ್ಪಳದ ಒಂಟಿ ‘ಳ’ ಕಷ್ಟ, ಕೊನೆಯ ‘ಅ’ವನ್ನೂ ಬರಹ ತಿಂದುಹಾಕಿದೆ. ಬಳ್ಳಾರಿಯಿಂದಲೇ ಶುರುಮಾಡಿ.

‘ತ’, ‘ದ’ಗಳಿಗೆ: ‘ಥಿನ್’ ಎನ್ನಲು ನಾಲಿಗೆ ಇಡುವ ಜಾಗದಲ್ಲೇ ಇಟ್ಟು, ಗಾಳಿ ಪೂರ್ತಿ ತಡೆದು ಬಿಟ್ಟರೆ ‘ತ’. ‘ದೆನ್’ ಪದದಲ್ಲಿ ಹಾಗೆ ಮಾಡಿದರೆ ‘ದ’. ಇಂಗ್ಲಿಷಿನ ‘ಟಿ’, ‘ಡಿ’ ನಮ್ಮ ಎರಡೂ ಸಾಲುಗಳ ನಡುವಿನವು, ನಮ್ಮ ಕಿವಿಗೆ ಮಾತ್ರ ‘ಟ’, ‘ಡ’ ಎಂದೇ ಕೇಳುತ್ತವೆ. ಹಾಗಾಗಿ ‘ಟುಂಗಭಡ್ರಾ’. ಕೇಳಲು ವಿಚಿತ್ರ, ಅರ್ಥಕ್ಕೆ ತೊಂದರೆಯಿಲ್ಲ.

ತಿದ್ದದೆ ಬಿಡಬೇಕಾದವು

ಪದದ ಮೊದಲ ‘ಕ’, ‘ಪ’, ‘ಟ’ಗಳಿಗೆ ಅವರು ಉಸಿರು ಸೇರಿಸುತ್ತಾರೆ, ಕೊಪ್ಪಳ ಸ್ವಲ್ಪ ‘ಖೊಪ್ಪಳ’ದ ಹಾಗೆ ಕೇಳುತ್ತದೆ. ಬಿಟ್ಟುಬಿಡಿ. ಸಿಂಧನೂರಿನ ‘ಧ’, ತುಂಗಭದ್ರೆಯ ‘ಭ’ ಮಹಾಪ್ರಾಣಗಳ ಗೋಜಿಗೆ ಹೋಗಬೇಡಿ, ದಿನದ ಮಾತಿನಲ್ಲಿ ನಾವೇ ಎಷ್ಟು ಜನ ಹೇಳುತ್ತೇವೆ? ಅವರ ‘ರ’ ನಮ್ಮದಲ್ಲ, ಆದರೆ ಗುರುತು ಸಿಗುತ್ತದೆ. ಒಂದನ್ನು ಮಾತ್ರ ನೋಡಿಕೊಳ್ಳಿ: ಲಂಡನ್ ಕಡೆಯವರು ವ್ಯಂಜನಕ್ಕೆ ಮೊದಲು ಬರುವ ‘ರ್’ ಪೂರ್ತಿ ಬಿಟ್ಟು ದೇವದುರ್ಗವನ್ನು ‘ದೇವದಗ’ ಮಾಡುತ್ತಾರೆ, ಅದನ್ನು ತಿದ್ದಬೇಕು.

ಬ್ರಿಟಿಷರ ಕಾಲದ ಬರಹ ಬಳಸಿದ್ದಕ್ಕೆ ಮುಖ ಸಿಂಡರಿಸುವುದೂ ಬೇಡ. ಹಳೆಯ ನಕಾಶೆ, ಹಳೆಯ ಪ್ರವಾಸ ಪುಸ್ತಕಗಳಲ್ಲಿ ಅವರಿಗೆ ಸಿಕ್ಕಿದ್ದೇ ಅದು. ಹಳೆಯದು, ಹೊಸದು ಎರಡನ್ನೂ ಬರೆದುಕೊಡಿ, ಹುಡುಕುವಾಗ ಬೇಕಾಗುತ್ತದೆ.

ಹಂತ 8: ಬೀದಿಯಲ್ಲಿ ಪರೀಕ್ಷೆ, ಕೈಯಲ್ಲಿ ಚೀಟಿ

ನಿಮಗೆ ಅರ್ಥವಾಯಿತೆಂದರೆ ಪರೀಕ್ಷೆ ಮುಗಿಯಲಿಲ್ಲ. ಬೆಳಿಗ್ಗೆಯಿಂದ ಕೇಳಿ ಕೇಳಿ ನಿಮ್ಮ ಕಿವಿ ಅವರಿಗೆ ಒಗ್ಗಿರುತ್ತದೆ. ಇಂಗ್ಲಿಷ್ ಹೆಚ್ಚು ಬಾರದವರ ಹತ್ತಿರ ಕಳಿಸಿ, ಬೀಡಾ ಅಂಗಡಿಯವರಾದರೂ ಆದೀತು, ಮನೆಯ ಹಿರಿಯರಾದರೂ ಆದೀತು. “ಬಳ್ಳಾರಿ ಬಸ್ ಎಲ್ಲಿ?” ಎಂದು ಕೇಳಲಿ. ಊರ ಹೆಸರಿನ ಜೊತೆ ಒಂದು ಕನ್ನಡ ಪದ ಇದ್ದರೆ ಕೇಳುವವರ ಕಿವಿ ಕನ್ನಡಕ್ಕೆ ಸಿದ್ಧವಾಗುತ್ತದೆ, ಬರೀ ಹೆಸರಿಗಿಂತ ಬೇಗ ತಿಳಿಯುತ್ತದೆ. “ಅಣ್ಣಾ” ಎಂದು ಶುರುಮಾಡುವುದನ್ನೂ ಕಲಿಸಿ.

ಚೀಟಿಯ ಮೇಲೆ ಮೂರು ಸಾಲು ಇರಲಿ. ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಹೆಸರು: ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಲ್ಲಿ ಅನೇಕ ಕಡೆ ಊರಿನ ಬೋರ್ಡು ಕನ್ನಡದಲ್ಲಿ ಮಾತ್ರ ಇರುವುದರಿಂದ ಅಕ್ಷರದ ಆಕಾರ ಹೋಲಿಸಿ ನೋಡಲು ಬೇಕು. ನಡುವೆ ಗೆರೆ-ಚುಕ್ಕೆ. ಕೆಳಗೆ ಇಂಗ್ಲಿಷ್ ಬರಹ, ಹಳೆಯದು ಹೊಸದು ಎರಡೂ. ರೈಲಿನಲ್ಲಿ ಹೋಗುವವರಿಗೆ ನಿಲ್ದಾಣದ ಸಂಕೇತವನ್ನೂ ಬರೆಯಿರಿ: ಬಳ್ಳಾರಿಗೆ ಬಿ-ಎ-ವೈ, ಹೊಸಪೇಟೆಗೆ ಎಚ್-ಪಿ-ಟಿ, ಕೊಪ್ಪಳಕ್ಕೆ ಕೆ-ಬಿ-ಎಲ್, ರಾಯಚೂರಿಗೆ ಆರ್-ಸಿ. ಟಿಕೆಟ್ ತೆಗೆಯುವಾಗ ಬರಹದ ಗೊಂದಲಕ್ಕೆ ಸಂಕೇತದಷ್ಟು ಒಳ್ಳೆಯ ಮದ್ದಿಲ್ಲ.

ಹಂತ 9: ಅವರ ಊರ ಹೆಸರನ್ನೂ ಕೇಳಿ ಕಲಿಯಿರಿ

ನಾವೂ ಬರಹ ನಂಬಿ ಎಡವುತ್ತೇವೆ. ‘ಲೀಸೆಸ್ಟರ್’ ಎಂದು ನಾವು ಓದುವುದು ಅವರಿಗೆ ‘ಲೆಸ್ಟರ್’, ‘ವರ್ಸೆಸ್ಟರ್’ ಬರೀ ‘ವುಸ್ಟರ್’. ‘ಗ್ರೀನ್‌ವಿಚ್’ ಅಲ್ಲಿ ‘ಗ್ರೆನಿಚ್’, ‘ಎಡಿನ್‌ಬರ್ಗ್’ನ ಕೊನೆಯಲ್ಲಿ ‘ಗ’ ಇಲ್ಲ, ‘ಎಡಿನ್‌ಬರ’. ಅಮೆರಿಕದ ‘ಇಲಿನಾಯ್’ ಕೊನೆಯ ‘ಸ್’ ಬರಹದಲ್ಲಿ ಮಾತ್ರ, ‘ಆರ್ಕನ್ಸಾ’ದ್ದೂ ಹಾಗೆ. ಆಸ್ಟ್ರೇಲಿಯಾದವರು ಮೆಲ್ಬರ್ನನ್ನು ‘ಮೆಲ್ಬನ್’ ಎನ್ನುತ್ತಾರೆ. ಅತಿಥಿ ಬಂದ ದಿನವೇ “ನಿಮ್ಮ ಊರನ್ನು ನೀವು ಹೇಗೆ ಹೇಳುತ್ತೀರಿ?” ಎಂದು ಕೇಳಿ, ಕೇಳಿಸಿದ್ದನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟರೆ ಮರುದಿನ ಮತ್ತೆ ತಪ್ಪನ್ನೇ ಓದುತ್ತೀರಿ.

ಈ ಕನ್ನಡ ಟಿಪ್ಪಣಿ ನಿಮ್ಮ ಸ್ವಂತ ಪುಸ್ತಕದಲ್ಲಿರಲಿ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ತುಂಬಿ ಕಳಿಸಬೇಕಾದ ಸರ್ಕಾರಿ ಫಾರ್ಮಿನಲ್ಲಿ (ಮೊದಲು ಇದನ್ನು ಫಾರ್ಮ್ ಸಿ ಎನ್ನುತ್ತಿದ್ದರು) ಮಾತ್ರ ಹೆಸರು ಮುಂತಾದವೆಲ್ಲ ಪಾಸ್‌ಪೋರ್ಟಿನಲ್ಲಿ ಅಚ್ಚಾಗಿರುವಂತೆ ಅಕ್ಷರಕ್ಕೆ ಅಕ್ಷರ ಇರಬೇಕು. ಕಿವಿಗೆ ಕೇಳಿಸಿದಂತೆ ಅಲ್ಲಿ ಬರೆದರೆ ದಾಖಲೆಗಳು ಹೊಂದುವುದಿಲ್ಲ.